ಇಕ್ಕಳ ಹಿಡಿದು ಕುಳಿತವನು

ಹೋದ ತಿಂಗಳು ಬ್ಯಾಡಗಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಊರೆಲ್ಲ ಮೆಣಸಿನಕಾಯಿಯ ಘಾಟು. ಅದರ ನಡುವೆಯೇ ಬೇರೊಂದು ವಾಸನೆ ಬಂತು: ಕೆಂಪಗೆ ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಾಗ ಏಳುವ ಹಬೆಯ ವಾಸನೆ. ತಿರುಗಿ ನೋಡಿದರೆ ರಸ್ತೆಯ ಮಗ್ಗುಲಲ್ಲಿ ನೆಲಕ್ಕೆ ತಿದಿ ಹೂಡಿ ಒಬ್ಬ ಗಂಡಸು ಕುಡುಗೋಲು ಕಾಯಿಸುತ್ತಿದ್ದ. ಎದುರಿಗೆ ಕಚ್ಚೆ ಬಿಗಿದ ತರುಣಿಯೊಬ್ಬಳು ದೊಡ್ಡ ಸುತ್ತಿಗೆ ಎತ್ತಿ ಎತ್ತಿ ಬಡಿಯುತ್ತಿದ್ದಳು. ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ರಾಣೆಬೆನ್ನೂರಿನಲ್ಲಿ ಕಳೆದ ಆ ಒಂದು ವರ್ಷದ ಬಗ್ಗೆ ಈವರೆಗೆ ಮನವಿ ಬರೆದಿದ್ದೇನೆ, ಪತ್ರಿಕೆಗಳಿಗೆ ಹೇಳಿಕೆ ಕೊಟ್ಟಿದ್ದೇನೆ, ಸಭೆಗಳಲ್ಲಿ ಮಾತಾಡಿದ್ದೇನೆ. ನೆನಪೆಂದು ಬರೆಯುತ್ತಿರುವುದು ಇದೇ ಮೊದಲು.

ಅಲೆಮಾರಿ ಸಮುದಾಯಗಳ ನೆಲೆಯ ಹಕ್ಕಿಗಾಗಿ ಕೆಲಸ ಮಾಡುವ ಸಣ್ಣ ಸಂಘಟನೆಯೊಂದು ನನ್ನನ್ನು ಆ ವರ್ಷ ರಾಣೆಬೆನ್ನೂರಿಗೆ ಕಳುಹಿಸಿತ್ತು. ಧಾರವಾಡದಲ್ಲಿ ಮಾನವಶಾಸ್ತ್ರ ಓದಿ ಮುಗಿಸಿದ್ದ ನನಗೆ, ಓದಿದ್ದೆಲ್ಲ ಜನರ ಉಪಯೋಗಕ್ಕೆ ಬರುತ್ತದೆಂಬ ನಂಬಿಕೆ ಇನ್ನೂ ಗಟ್ಟಿಯಾಗಿತ್ತು. ಬಸ್ ನಿಲ್ದಾಣದ ಹಿಂದೆ, ಬೀಜದ ಅಂಗಡಿಯೊಂದರ ಮೇಲೆ ನಮ್ಮ ಕಚೇರಿ. ಅಲ್ಲಿಂದ ಐರಣಿಯ ಕಡೆಗೆ ಹೋಗಿ, ತುಂಗಭದ್ರೆಯ ದಂಡೆಗುಂಟ ಸ್ವಲ್ಪ ದೂರ ನಡೆದರೆ ಬೂದು ಮಣ್ಣಿನ ಒಂದು ದಿಬ್ಬ. ದಿಬ್ಬದ ಮಗ್ಗುಲಲ್ಲಿ ತಾಡಪತ್ರಿ ಹೊದೆಸಿದ ಗುಡಿಸಲುಗಳು. ಅಲ್ಲಿದ್ದವರು ಊರೂರು ತಿರುಗಿ ಕಬ್ಬಿಣ ಬಡಿಯುವವರು. ಅವರ ಸಮುದಾಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಬರೆಯಬೇಡಿರೆಂದು ಅವರೇ ಕೇಳಿಕೊಂಡಿದ್ದಾರೆ. ಬ್ರಿಟಿಷರ ಕಾಲದಲ್ಲಿ ಇಂಥ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿದ್ದರು, ವಿದ್ವಾಂಸರು ಬಂದು ಅವರ ಮೂಗು ಮತ್ತು ತಲೆಬುರುಡೆಗಳ ಅಳತೆ ತೆಗೆದಿದ್ದರು. ಪಟ್ಟಿ ರದ್ದಾಗಿದೆ. ಊರಲ್ಲಿ ಕೋಳಿ ಕಾಣೆಯಾದರೆ ಪೊಲೀಸರು ಮೊದಲು ಬರುವುದು ಈಗಲೂ ಈ ಗುಡಿಸಲುಗಳಿಗೆ.

ಆ ಗುಡಿಸಲುಗಳಲ್ಲೊಂದು ಶಾಂತವ್ವನದು. ಗಂಡ ತೀರಿಕೊಂಡು ಎರಡು ವರ್ಷ ಕಳೆದಿತ್ತು. ಮೈದುನ ಯಲ್ಲಪ್ಪ ಆ ಹಟ್ಟಿಗೆ ಯಜಮಾನ. ಮನೆ ಕಟ್ಟಿಕೊಳ್ಳಲು ಜಾಗ ಕೊಡಿರೆಂದು ಕಚೇರಿಗಳಿಗೆ ಅಲೆದು ಅವನ ಮಾತು ಮೆತ್ತಗಾಗಿತ್ತು, ಬೆನ್ನು ಬಾಗಿತ್ತು. ನಾನು ಹೋದಾಗಲೆಲ್ಲ, "ಕುಂದ್ರಿ ಅಕ್ಕಾರ, ಕುಂದ್ರಾಕ ಜಾಗಾ ಸರಕಾರದ್ದು, ಚಾ ನಮ್ದು" ಎಂದು ನಗುತ್ತಿದ್ದ.

ಅವರು ತಮ್ಮವರನ್ನು ಆ ದಿಬ್ಬದ ಹಿಂಭಾಗದಲ್ಲಿ ಹೂಳುತ್ತಿದ್ದರು. ಬಟ್ಟೆ ಹೊದೆಸದೆ ಎಲೆ ಸುತ್ತಿ, ಕುಳಿತ ಭಂಗಿಯಲ್ಲಿ, ಬದುಕಿದ್ದಾಗ ಹಿಡಿದ ಇಕ್ಕಳವನ್ನು ಕೈಯೊಳಗಿಟ್ಟು, ಮಗ್ಗುಲಲ್ಲಿ ಒಂದು ಗಡಿಗೆ ಬೋರಲು ಹಾಕಿ ಮಣ್ಣು ಮಾಡುತ್ತಿದ್ದರು. ಮೇಲೆ ಕಲ್ಲು ನಿಲ್ಲಿಸುತ್ತಿರಲಿಲ್ಲ. ಗುರುತು ಬಿಟ್ಟರೆ ಊರವರು ಬಂದು ಕಿತ್ತೊಗೆಯುತ್ತಾರೆಂದು ತಲೆಮಾರುಗಳು ಕಲಿಸಿದ್ದ ಪಾಠವದು. ಮೂರನೆಯ ವರ್ಷ, ಯುಗಾದಿ ಕಳೆದ ಮೇಲೆ, ಹೆಂಡತಿ ಅಲ್ಲಿಗೆ ಹೋಗಿ ತಲೆಯಿದ್ದ ಕಡೆ ನೀರು ಹೊಯ್ದು, ಗಂಡನನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನು ಒಮ್ಮೆ ಗಟ್ಟಿಯಾಗಿ ಕೂಗುತ್ತಾಳೆ. ಅದೇ ಕೊನೆಯ ಸಲ. ಅಲ್ಲಿಯವರೆಗೆ ಆ ಹೆಸರನ್ನು ಯಾರೂ ನಾಲಗೆಯ ಮೇಲೆ ತರುವಂತಿಲ್ಲ. ರೇಶನ್ ಕಾರ್ಡಿನಲ್ಲಿರುವುದು ಯಾರೋ ಗುಮಾಸ್ತ ತನಗೆ ತೋಚಿದಂತೆ ಬರೆದುಕೊಂಡ ಬೇರೆ ಹೆಸರು. ಮತ್ತು ಅಲ್ಲಿಯವರೆಗೆ ಹೆಂಡತಿ ಸುತ್ತಿಗೆ ಮುಟ್ಟುವಂತಿಲ್ಲ.

ಈ ಕೊನೆಯ ಮಾತಿನ ಭಾರ ಹೊರಗಿನವರಿಗೆ ತಿಳಿಯುವುದು ಕಷ್ಟ. ಅವರಲ್ಲಿ ಇಕ್ಕಳ ಹಿಡಿಯುವವನು ಗಂಡು, ಬಡಿಯುವವಳು ಹೆಣ್ಣು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಬಡಿದ ಶಾಂತವ್ವ ಆ ಎರಡು ವರ್ಷ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಹೊಟ್ಟೆ ಹೊರೆದಳು. ಉರಿಯುವ ಕೈಗಳನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಕೊಂಡು ಕುಳಿತಿದ್ದ ಅವಳನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ಬೆಂಕಿಯ ಮುಂದೆ ಕೆಲಸ ಮಾಡಿದ ಕೈ ಇಷ್ಟಕ್ಕೆ ಸೋಲುತ್ತದೆಯೇ ಎಂದು ನಾನು ಕೇಳಿದ್ದಕ್ಕೆ, "ಬೆಂಕಿ ಕಣ್ಣಿಗೆ ಕಾಣತೈತ್ರಿ ಅಕ್ಕಾರ, ಇದು ಕಾಣಂಗಿಲ್ಲ" ಎಂದಳು. ಯುಗಾದಿ ಬಂದರೆ ಸಾಕು, ಮತ್ತೆ ಸುತ್ತಿಗೆ ಹಿಡಿಯುತ್ತೇನೆ, ಮೈದುನನ ಎದುರಿಗೆ ನಿಂತು ಬಡಿಯುತ್ತೇನೆ ಎಂದೂ ಹೇಳಿದಳು. ಅವಳು ದಿನ ಎಣಿಸುತ್ತಿದ್ದುದು ಅದಕ್ಕೆ.

ಆ ಚಳಿಗಾಲದಲ್ಲಿ ದಿಬ್ಬದ ಮೇಲೆ ಉತ್ಖನನ ಶುರುವಾಗಿತ್ತು. ದೂರದ ಊರಿನ ಸಂಸ್ಥೆಯೊಂದರಿಂದ ಪ್ರೊಫೆಸರರು, ಅವರ ವಿದ್ಯಾರ್ಥಿಗಳು, ಬಿಳಿಯ ದಾರ, ಅಳತೆಯ ಕೋಲು. ದಿಬ್ಬದ ಮುಂಭಾಗದಲ್ಲಿ ನಿಜವಾಗಿಯೂ ಪ್ರಾಚೀನ ಮಡಕೆಚೂರುಗಳು, ಹಳೆಯ ಸಮಾಧಿಗಳು ಸಿಕ್ಕವು. ನಾನೂ ಒಂದೆರಡು ಸಲ ಹೋಗಿ, ಮಣ್ಣಿನಿಂದ ಎದ್ದು ಬರುವ ಕಪ್ಪು ಕೆಂಪು ಬಣ್ಣದ ಬಟ್ಟಲುಗಳನ್ನು ಕಂಡು ಸಂತೋಷಪಟ್ಟಿದ್ದೆ. ಆ ಕೆಲಸದ ಮೇಲೆ ನನಗೆ ಇವತ್ತಿಗೂ ಗೌರವವಿದೆ. ಆದರೆ ಮಗ್ಗುಲಲ್ಲೇ ವಾಸಿಸುವ ಜನರನ್ನು ಅವರು ಒಂದು ಮಾತೂ ಕೇಳಲಿಲ್ಲ. ಹಟ್ಟಿಯವರೆಲ್ಲ ಮೆಣಸಿನಕಾಯಿ ಸುಗ್ಗಿಗೆಂದು ಬ್ಯಾಡಗಿ, ಕದರಮಂಡಲಗಿ ಕಡೆ ಹೋಗಿದ್ದ ದಿನಗಳಲ್ಲಿ ಅಗೆತ ದಿಬ್ಬದ ಹಿಂಭಾಗಕ್ಕೆ ದಾಟಿತು. ಇದನ್ನು ಇದರ ಹೆಸರಿನಿಂದಲೇ ಕರೆಯಬೇಕು. ಕೇಳದೆ ತೆಗೆದುಕೊಂಡು ಹೋಗುವುದಕ್ಕೆ ಕನ್ನಡದಲ್ಲಿ ಕಳವು ಎನ್ನುತ್ತಾರೆ.

ಸುದ್ದಿ ಬಂದದ್ದು ಖಾದರ್‌ಸಾಬರ ಆಟೋದಲ್ಲಿ. ರಾಣೆಬೆನ್ನೂರು ನಿಲ್ದಾಣದಿಂದ ಐರಣಿ ಕಡೆಗೆ ಆಟೋ ಓಡಿಸುವ ಖಾದರ್‌ಸಾಬರಿಗೆ ಹಟ್ಟಿಯ ಪ್ರತಿಯೊಬ್ಬರೂ ಪರಿಚಿತರು. ಹೋಳಿ ಕಳೆದು ಊರಿಗೆ ಮರಳುತ್ತಿದ್ದ ಶಾಂತವ್ವ, ಜೊತೆಗೆ ನಾನು. ರೈಲ್ವೆ ಗೇಟು ಬಿದ್ದಾಗ ಅವರು ಮೊಬೈಲು ಹಿಂದಕ್ಕೆ ಚಾಚಿದರು.

"ನೋಡ ಶಾಂತವ್ವ, ನಿಮ್ಮ ದಿಬ್ಬ ಪೇಪರಿನ್ಯಾಗ ಬಂದೈತಿ. ಸಾವಿರಾರು ವರ್ಷದ ಕಮ್ಮಾರ ಸಿಕ್ಕಾನಂತ. ಇನ್ನ ಮ್ಯಾಲೆ ನೀವು ಆಟೋ ಹತ್ತತೀರೋ ಇಲ್ಲೋ, ದೊಡ್ಡ ಮಂದಿ ಆದ್ರಿ."

ಅವಳು ಚಿತ್ರವನ್ನು ಹತ್ತಿರ ಹಿಡಿದು ನೋಡಿದಳು. ಕುಳಿತ ಅಸ್ಥಿಪಂಜರ, ಮೊಣಕಾಲುಗಳ ನಡುವೆ ತುಕ್ಕು ಹಿಡಿದ ಇಕ್ಕಳ. ಗೇಟು ತೆರೆಯಿತು, ಹಿಂದಿನ ಲಾರಿಗಳು ಹಾರ್ನು ಹೊಡೆಯತೊಡಗಿದವು.

"ಗಾಡಿ ಮಗ್ಗಲಕ್ಕ ಹಚ್ಚರಿ ಸಾಹೇಬ್ರ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇದು ನಮ್ಮ ಮನಿಯವರ ಕೈಯಾಗಿಂದು. ನಾನ ಬಡದು ಮಾಡಿದ್ದು."

ಖಾದರ್‌ಸಾಬರು ಮೊಬೈಲನ್ನು ವಾಪಸು ಇಸಿದುಕೊಳ್ಳಲು ಕೈ ಚಾಚಲಿಲ್ಲ. ಅವಳಾಗಿಯೇ ಕೊಡುವವರೆಗೆ ಮುಂದೆ ನೋಡುತ್ತ ಕುಳಿತರು.

ಮರುದಿನವೇ ನಾನು ಪ್ರೊಫೆಸರರ ಶಿಬಿರಕ್ಕೆ ಹೋದೆ. ಅವರು ಒರಟರಲ್ಲ, ಕುರ್ಚಿ ಎಳೆದುಕೊಟ್ಟರು, ನೀರು ತರಿಸಿದರು, ನಾನು ಹೇಳಿದ್ದನ್ನೆಲ್ಲ ಕೇಳಿದರು. ಎಲುಬು ಅಷ್ಟು ಹಳೆಯದಲ್ಲವೆಂದು ನೋಡಿದಾಗಲೇ ತಮಗೂ ಅನುಮಾನ ಬಂದಿತ್ತೆಂದು ಒಪ್ಪಿಕೊಂಡರು. ಪತ್ರಿಕೆಯವರು ಅವಸರ ಮಾಡಿದರು, ಪ್ರಯೋಗಾಲಯದ ವರದಿ ಬರುವವರೆಗೆ ತಾವು ಏನನ್ನೂ ಅಲ್ಲಗಳೆಯುವಂತಿಲ್ಲ ಎಂದರು. ಅಸ್ಥಿ ಮತ್ತು ಇಕ್ಕಳ ಆಗಲೇ ನೋಂದಣಿಯಾಗಿ ಪೆಟ್ಟಿಗೆಗಳಲ್ಲಿ ಹೋಗಿದ್ದವು. ಮರಳಿ ಪಡೆಯಬೇಕಾದರೆ ಸಮುದಾಯದ ಹಿರಿಯರು ಅಧಿಕಾರಿಗಳ ಮುಂದೆ, ಇದು ತಮ್ಮ ಸ್ಮಶಾನವೆಂದೂ ಸತ್ತವನು ತಮ್ಮವನೆಂದೂ ಹೇಳಬೇಕು.

"ಆದರೆ ಅವರಿಗೆ ಒಂದು ವಿಷಯ ತಿಳಿಸಿ," ಎಂದರು. "ಈ ದಿಬ್ಬ ಸಂರಕ್ಷಿತ ಸ್ಥಳವಾಗಬೇಕೆಂದು ಪ್ರಸ್ತಾವ ಹೋಗಿದೆ. ಇಲ್ಲಿ ಹೂಳುತ್ತೇವೆ ಅಂದರೆ ಅತಿಕ್ರಮಣ ಮಾಡಿದ್ದೇವೆಂದು ಅವರೇ ಒಪ್ಪಿಕೊಂಡ ಹಾಗೆ. ಗುಡಿಸಲುಗಳ ಪ್ರಶ್ನೆಯೂ ಏಳುತ್ತದೆ."

ಎದ್ದು ಬರುವಾಗ, ಮೂರನೆಯ ವರ್ಷದ ಆ ವಿಧಿಯನ್ನು ಚಿತ್ರೀಕರಿಸಿಕೊಳ್ಳಲು ಸಾಧ್ಯವೇ, ಅದು ಬಹಳ ಅಪರೂಪದ ಜೀವಂತ ಪರಂಪರೆ ಎಂದು ಕೇಳಿದರು. ಸತ್ತು ಸಾವಿರ ವರ್ಷವಾಗಿದ್ದರೆ ಮನುಷ್ಯ ಪೂರ್ವಜನಾಗುತ್ತಾನೆ, ಅವನಿಗೆ ಪೆಟ್ಟಿಗೆ, ಹತ್ತಿ, ನೋಂದಣಿ ಸಂಖ್ಯೆ. ಸತ್ತು ಮೂರು ವರ್ಷವಾಗಿದ್ದರೆ ಅವನು ಅತಿಕ್ರಮಣಕಾರ. ನಾನು ಓದಿದ ಶಾಸ್ತ್ರದ ಹೆಸರಿನಲ್ಲಿಯೇ ಈ ತೀರ್ಪು ಹೊರಬಿದ್ದಿತ್ತು.

ಯುಗಾದಿಯ ಮರುದಿನ ಹಟ್ಟಿಯವರು ಜಾಲಿಮರದ ಕೆಳಗೆ ಕೂಡಿದರು. ಹೊಳೆ ಬತ್ತಿ ಬಂಡೆಗಳು ಕಾಣಿಸುತ್ತಿದ್ದವು, ಆಚೆ ದಂಡೆಯಲ್ಲಿ ಮರಳಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಹೊಳೆಯ ಒಡಲನ್ನು ಹಗಲಲ್ಲೇ ಅಗೆಯುವವರನ್ನು ಯಾರೂ ಅತಿಕ್ರಮಣಕಾರರೆನ್ನುವುದಿಲ್ಲವೆಂಬುದನ್ನೂ ಇಲ್ಲಿ ದಾಖಲಿಸಬೇಕು. ನಾನು ಎಲ್ಲವನ್ನೂ ವಿವರಿಸಿದೆ. ಸಂವಿಧಾನ ಏನು ಹೇಳುತ್ತದೆ, ನ್ಯಾಯಾಲಯಕ್ಕೆ ಹೋದರೆ ಏನಾಗಬಹುದು, ಬೆಂಬಲಕ್ಕೆ ಯಾರು ಯಾರು ಬರುತ್ತಾರೆ. ಯಲ್ಲಪ್ಪ ಕೊನೆಯವರೆಗೆ ಕೇಳಿದ.

"ನೀವು ಹೇಳೂದು ಖರೇ ಐತ್ರಿ ಅಕ್ಕಾರ. ಖರೇ ಅಂದಕೂಡಲೇ ನಮ್ಮನ್ನ ಎಬ್ಬಸ್ತಾರ, ಅದೂ ಖರೇನ. ಜಾಗಾ ಕೊಡೂ ಸಾಹೇಬ್ರು ಈ ಬ್ಯಾಸಗ್ಯಾಗ ಬರತೇವಿ ಅಂದಾರ. ಸತ್ತಾಂವ ಪೆಟಗಿಯಾಗರೆ ಕುಂತಾನ. ಇದ್ದವರು ಎಲ್ಲಿ ಕುಂದ್ರೂದು?"

ಶಾಂತವ್ವ ಹೆಂಗಸರ ಹಿಂದೆ ಕುಳಿತಿದ್ದಳು.

"ಸಣ್ಣಾಂವ ಇದ್ದಾಗ ನಿಮ್ಮಣ್ಣ ನಿನ್ನ ಹೆಗಲಮ್ಯಾಲೆ ಹೊತಗೊಂಡು ತಿರಗ್ಯಾರ ಯಲ್ಲಪ್ಪ," ಎಂದಳು. "ನಡ್ಯಾಕ ಬಂದಮ್ಯಾಲೂ ಇಳೀತಿದ್ದಿಲ್ಲ ನೀ."

"ಹೌದ ವೈನಿ. ನನಗ ನೆನಪೈತಿ."

"ನೆನಪಿದ್ರ ಸಾಕ ಬಿಡು."

ಮುಂದೆ ಅವರು ತಮ್ಮ ಮನೆಮಾತಿನಲ್ಲಿ ಮಾತಾಡಿದರು. ನನಗೆ ಅರ್ಥವಾಗಲಿಲ್ಲ. ಒಬ್ಬ ಮುದುಕಿ ಅತ್ತಳು. ಮಕ್ಕಳನ್ನು ಯಾರೋ ದೂರ ಕಳುಹಿಸಿದರು. ಮಾತು ಮುಗಿಯುವ ಹೊತ್ತಿಗೆ ಯಲ್ಲಪ್ಪ ತಲೆಯ ವಸ್ತ್ರ ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದ. ಏನು ತೀರ್ಮಾನವಾಯಿತೆಂದು ನನಗೆ ಯಾರೂ ಹೇಳಲಿಲ್ಲ.

ಬಿಸಿಲು ಏರಿದ ಒಂದು ದಿನ ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬಂದರು. ಪ್ರೊಫೆಸರರೂ ಜೊತೆಗಿದ್ದರು. ದಿಬ್ಬದ ಮೇಲೆ ಶಾಮಿಯಾನ ಹಾಕಿದ್ದರು, ಅದರ ನೆರಳು ಅಧಿಕಾರಿಗಳಿಗೆ ಮಾತ್ರ ಸಾಲುತ್ತಿತ್ತು. ಹಟ್ಟಿಯವರು ಹೊರಗೆ ನಿಂತಿದ್ದರು. ಇಲ್ಲಿ ನಿಮ್ಮವರನ್ನು ಹೂಳುತ್ತೀರೇನು ಎಂದು ಹಿರಿಯ ಅಧಿಕಾರಿ ಕೇಳಿದರು.

"ಇಲ್ರಿ ಸಾಹೇಬ್ರ. ನಾವು ಹೊಳಿಗೆ ಬಿಡ್ತೇವಿ," ಎಂದ ಯಲ್ಲಪ್ಪ.

ಅಧಿಕಾರಿ ಶಾಂತವ್ವನ ಕಡೆ ನೋಡಿದರು. "ನೀನೇ ಏನವಾ, ಸಿಕ್ಕಿದ್ದು ನನ್ನ ಗಂಡ ಅಂದಾಕಿ? ಹೆಸರೇನು ನಿನ್ನ ಗಂಡಂದು?"

ಅವಳು ಬಾಯಿ ತೆರೆಯಲಿಲ್ಲ. ಎರಡನೆಯ ಸಲ ಕೇಳಿದರು. ಕಾರ್ಡಿನಲ್ಲಿದ್ದ ಹೆಸರನ್ನು ಹೇಳಿಬಿಡಬಹುದಿತ್ತು. ಅದು ಅವನ ಹೆಸರಲ್ಲ. ನಿಜವಾದದ್ದನ್ನು ಹೇಳಿದ್ದರೆ ನೀರಿಲ್ಲದೆ, ತಲೆಯಿದ್ದ ನೆಲವಿಲ್ಲದೆ, ಶಾಮಿಯಾನದ ಮುಂದೆ ಆ ಒಂದೇ ಕೂಗು ಖರ್ಚಾಗಿಹೋಗುತ್ತಿತ್ತು. ನಾನು ಮುಂದೆ ಹೋಗಿ, ಅವರಲ್ಲಿ ಹೆಸರು ಹೇಳುವಂತಿಲ್ಲ ಎಂದು ವಿವರಿಸಲು ತೊಡಗಿದೆ. ಯಲ್ಲಪ್ಪ ನನ್ನ ಮಾತನ್ನು ಅರ್ಧಕ್ಕೆ ತಡೆದ.

"ಆಕಿದು ತಲಿ ಸರಿ ಇಲ್ರಿ ಸಾಹೇಬ್ರ. ಅಣ್ಣ ಹೋದಾಗಿಂದ ಹಿಂಗ."

ಎಲ್ಲರೂ ಅವಳನ್ನು ನೋಡಿದರು. ಅವಳು ಗುಡಿಸಲುಗಳ ಕಡೆ ಒಮ್ಮೆ ನೋಡಿದಳು. ತಾಡಪತ್ರಿಯ ಮೇಲೆ ಯಾರದೋ ಹಸಿ ಕೂಸಿನ ಬಟ್ಟೆಗಳು ಒಣಗುತ್ತಿದ್ದವು.

"ಹೌದ್ರಿ," ಎಂದಳು. "ತಲಿ ಸರಿ ಇಲ್ಲ."

ಆ ಸಂಜೆ ನಾನು ಕಚೇರಿಗೆ ಬಂದು ಕುಳಿತವಳು ದೀಪ ಹಾಕಲಿಲ್ಲ. ಹಕ್ಕು ಎಂಬ ಪದವನ್ನು ನಾನು ಎಷ್ಟು ಸಲ ಬಳಸಿದ್ದೆನೋ, ಅಷ್ಟೂ ಸಲ ಆ ಹೆಂಗಸು ಅದನ್ನು ಕೇಳಿಸಿಕೊಂಡಿದ್ದಳು. ಸತ್ತವನನ್ನು ಕೇಳಿದರೆ ಬದುಕಿದವರ ನೆಲೆ ಹೋಗುತ್ತದೆ, ನೆಲೆ ಕೇಳಿದರೆ ಸತ್ತವನು ಹೋಗುತ್ತಾನೆ ಎಂಬ ಸ್ಥಿತಿಗೆ ಒಂದು ಸಮುದಾಯವನ್ನು ತಂದು ನಿಲ್ಲಿಸಿ, ಅವರ ಬಾಯಿಂದಲೇ ಇಲ್ಲ ಎನ್ನಿಸುವುದು ಹಿಂಸೆ. ಅದಕ್ಕೆ ಲಾಠಿ ಬೇಕಿಲ್ಲ, ಒಂದು ಶಾಮಿಯಾನ ಸಾಕು.

ಜೂನ್ ಮೊದಲಲ್ಲಿ ಮಿರಗದ ಮಳೆ ಶುರುವಾಯಿತು. ಜಾಗ ಕೊಡುವ ಸಾಹೇಬರು ಬರಲಿಲ್ಲ. ಬದಲಿಗೆ ಕಲ್ಲುಕಂಬ ಮತ್ತು ಮುಳ್ಳುತಂತಿ ಹೇರಿದ ಲಾರಿ ಬಂತು. ದಿಬ್ಬದೊಂದಿಗೆ ಅದರ ಸುತ್ತಲಿನ ನೆಲವೂ ಸಂರಕ್ಷಣೆಗೆ ಸೇರಿತ್ತು. ಗುಡಿಸಲುಗಳು ಬೇಲಿಯ ಒಳಗಾದವು. ಮೂರು ದಿನದಲ್ಲಿ ತೆರವು ಮಾಡಿರೆಂದರು, ಎರಡನೆಯ ದಿನವೇ ಜೆಸಿಬಿ ತಂದರು. ನಾವು ಐದಾರು ಮಂದಿ ಕಾರ್ಯಕರ್ತರು ಅಡ್ಡ ಮಲಗಿದೆವು, ನಮ್ಮನ್ನು ಎತ್ತಿ ಬದಿಗೆ ಕೂರಿಸಿದರು. ಕೆಸರಿನಲ್ಲಿ ಕಬ್ಬಿಣ ಬಡಿಯುವ ಅಡಿಗಲ್ಲು ಹೂತುಕೊಂಡಿತು, ನಾಲ್ವರು ಎಳೆದರೂ ಬರಲಿಲ್ಲ. ತಾಡಪತ್ರಿ, ತಿದಿ, ಪಾತ್ರೆಗಳನ್ನು ಖಾದರ್‌ಸಾಬರು ಮತ್ತವರ ಗೆಳೆಯರು ಆಟೋಗಳಲ್ಲಿ ಹೇರಿಕೊಂಡು ರಾಣೆಬೆನ್ನೂರಿನ ರೈಲು ನಿಲ್ದಾಣದ ಹಿಂದಿನ ಬಯಲಿಗೆ ಸಾಗಿಸಿದರು. ಬಾಡಿಗೆಯ ಮಾತೆತ್ತಿದ್ದಕ್ಕೆ, "ಇದು ಬಾಡಿಗಿ ಅಲ್ರಿ ಬಾಯಾರ, ಮಯ್ಯತ್ತು. ಇದಕ್ಕ ರೊಕ್ಕ ಇಸ್ಕೊಂಡ್ರ ಮುಂದ ನನ್ನ ಹೆಣಕ್ಕ ಹೆಗಲು ಕೊಡಾಕ ಯಾರು ಬರತಾರ?" ಎಂದರು.

ಬಯಲಿನಲ್ಲಿ ಯಲ್ಲಪ್ಪ ಹಳಿಗಳ ಕಡೆ ಮುಖ ಮಾಡಿ ಮಳೆಯಲ್ಲೇ ಕುಕ್ಕರುಗಾಲಲ್ಲಿ ಕುಳಿತಿದ್ದ. ನಾನು ಪಕ್ಕಕ್ಕೆ ಹೋಗಿ ನಿಂತೆ.

"ಅಣ್ಣನ್ನೂ ಕೊಟ್ಟೆ, ಜಾಗಾನೂ ಕೊಟ್ಟೆ," ಎಂದ. ಅದು ನನಗೆ ಹೇಳಿದ್ದಲ್ಲ.

ಇನ್ನು ಅಂಜುವುದಕ್ಕೆ ಏನೂ ಉಳಿದಿರಲಿಲ್ಲ. ಮಳೆ ಬಿಡುವು ಕೊಟ್ಟ ಒಂದು ದಿನ ಶಾಂತವ್ವ ತಾನಾಗಿಯೇ ನನ್ನ ಕಚೇರಿಯ ಮೆಟ್ಟಿಲು ಹತ್ತಿ ಬಂದಳು. ಯಲ್ಲಪ್ಪನೂ ಹಿಂದೆ ಬಂದಿದ್ದ, ಚಪ್ಪಲಿಯನ್ನು ಕೆಳಗೇ ಬಿಟ್ಟು. ಈಗ ಖರೇ ಹೇಳುತ್ತೇವೆ, ಅವರನ್ನು ಕೊಡಿಸಿರಿ ಎಂದರು. ನಾವು ಮೂವರೂ ಹೋದೆವು. ಅಧಿಕಾರಿ ಸಿಟ್ಟಾಗಲಿಲ್ಲ, ದಣಿದವರಂತೆ ಮಾತಾಡಿದರು. ಸಮುದಾಯದ ಯಜಮಾನನೇ ಎಲ್ಲರೆದುರು ಇಲ್ಲ ಎಂದಿದ್ದಾನೆ, ಆ ಹೇಳಿಕೆ ಮೇಲಕ್ಕೆ ಹೋಗಿದೆ. ಈಗ ಮನೆ ತೆರವಾದ ಮೇಲೆ ಬಂದು ಹೌದೆಂದರೆ ಯಾರು ನಂಬಬೇಕು? ಇನ್ನು ಈ ಹೆಂಗಸಿನ ಮಾತೆಂದರೆ, ತಲೆ ಸರಿಯಿಲ್ಲವೆಂದು ತಾನೇ ಒಪ್ಪಿಕೊಂಡವಳು. ರಕ್ತಸಂಬಂಧದ ಪರೀಕ್ಷೆ ಮಾಡಿಸಿ, ತಮ್ಮನೇ ಎದುರಿಗಿದ್ದಾನೆ ಎಂದು ನಾನು ವಾದಿಸಿದೆ. ಅದಕ್ಕೆ ನ್ಯಾಯಾಲಯದ ಆದೇಶ ತನ್ನಿರೆಂದರು. ಆ ಆದೇಶಕ್ಕಾಗಿ ನಾವು ಹೂಡಿದ ದಾವೆ ಇನ್ನೂ ವಿಚಾರಣೆಯ ಹಂತದಲ್ಲಿದೆ. ಪ್ರಯೋಗಾಲಯದ ವರದಿಯನ್ನು ಹಲವು ಸಲ ಕೇಳಿದ್ದೇನೆ. ಪ್ರೊಫೆಸರರು ನಿವೃತ್ತರಾಗಿದ್ದಾರೆ, ಅವರ ನಂತರ ಬಂದವರಿಗೆ ಪೆಟ್ಟಿಗೆ ಎಲ್ಲಿದೆಯೆಂದು ಖಚಿತವಿಲ್ಲ.

ಹೊರಗೆ ಬಂದಾಗ ಯಲ್ಲಪ್ಪ ಅತ್ತಿಗೆಯ ಕಾಲು ಮುಟ್ಟಲು ಬಾಗಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಆಮೇಲೆ ಅವನ ತೋಳು ಹಿಡಿದು ಎತ್ತಿ, ಲಗೂ ನಡಿ, ಬಸ್ಸು ತಪ್ಪುತ್ತದೆ ಎಂದಳು.

ವರ್ಷದ ಕೊನೆಯಲ್ಲಿ ಹಾವೇರಿಯಲ್ಲಿ ಒಂದು ಪ್ರದರ್ಶನ ಏರ್ಪಟ್ಟಿತು. ದಿಬ್ಬದಲ್ಲಿ ಸಿಕ್ಕ ವಸ್ತುಗಳನ್ನು ಜಿಲ್ಲೆಯ ಜನರಿಗೆ ತೋರಿಸುವುದಕ್ಕೆಂದು ಕೆಲವು ದಿನಗಳ ಮಟ್ಟಿಗೆ ತಂದಿದ್ದರು. ಅಸ್ಥಿ ತಂದಿರಲಿಲ್ಲ. ಇಕ್ಕಳ ತಂದಿದ್ದಾರೆಂದು ತಿಳಿದು ನಾನು ಶಾಂತವ್ವನಿಗೆ ಹೇಳಿ ಕಳುಹಿಸಿದೆ. ಅವಳು ಒಂದು ತಂಬಿಗೆ ಹೊಳೆಯ ನೀರು ಸೆರಗಿನ ಮರೆಯಲ್ಲಿ ತಂದಿದ್ದಳು. ತಲೆಯಿದ್ದ ನೆಲ ಸಿಗದಿದ್ದರೆ ಕೈಯಲ್ಲಿದ್ದ ಕಬ್ಬಿಣಕ್ಕಾದರೂ ನೀರು ಹೊಯ್ದು ಕೂಗಬಹುದೆಂದು ಹಟ್ಟಿಯ ಹಿರಿಯರು ಒಪ್ಪಿಕೊಟ್ಟಿದ್ದರಂತೆ. ಇದಕ್ಕೆ ಮುಂಚೆ ಯಾರಿಗೂ ಹೀಗೆ ಒಪ್ಪಿಕೊಟ್ಟದ್ದಿಲ್ಲ.

ಶಾಲೆಯ ಮಕ್ಕಳು ಸಾಲಾಗಿ ಹಾದುಹೋಗುತ್ತಿದ್ದರು. ಇಕ್ಕಳ ಗಾಜಿನೊಳಗಿತ್ತು, ಕೆಂಪು ಬಟ್ಟೆಯ ಮೇಲೆ. ತುಕ್ಕು ತೆಗೆದು ಎಣ್ಣೆ ಸವರಿದ್ದರು. ಚೀಟಿಯನ್ನು ಓದಿ ಹೇಳಿರೆಂದು ಅವಳು ಕೇಳಿದ್ದರಿಂದ ಓದಿದೆ: ಕಬ್ಬಿಣದ ಇಕ್ಕಳ, ಪ್ರಾಚೀನ, ಕಾಲನಿರ್ಣಯ ಬಾಕಿ, ಬಳಸಿದವರು, ಅಜ್ಞಾತ ಕಮ್ಮಾರ.

ಕಾವಲುಗಾರ ಬಾಗಿಲ ಬಳಿ ಯಾರೊಂದಿಗೋ ಮಾತಿಗಿಳಿದಿದ್ದ. ನಾನು ಅವನಿಗೆ ಅಡ್ಡವಾಗಿ ನಿಂತು ಅವಳಿಗೆ ಕಣ್ಸನ್ನೆ ಮಾಡಿದೆ. ಅವಳು ತಂಬಿಗೆಯನ್ನು ಹೊರತೆಗೆದಳು. ಗಾಜಿನ ಹತ್ತಿರಕ್ಕೆ ಮುಖ ತಂದಳು, ಉಸಿರಿನಿಂದ ಗಾಜು ಮಸುಕಾಯಿತು, ಸೆರಗಿನಿಂದ ಒರೆಸಿದಳು. ತುಟಿಗಳು ಅಲುಗಿದವು. ನಾನು ಕಾದೆ. ಒಂದು ಶಾಲೆಯ ಸಾಲು ಮುಗಿದು ಇನ್ನೊಂದು ಶುರುವಾಯಿತು.

ಅವಳು ತಂಬಿಗೆಯನ್ನು ಮತ್ತೆ ಸೆರಗಿನೊಳಗೆ ಸೇರಿಸಿದಳು.

"ಬ್ಯಾಡ್ರಿ ಅಕ್ಕಾರ. ಇಲ್ಲೆ ಕರದ್ರ ಇಲ್ಲೇ ಉಳದುಬಿಡತಾರ."

ಸುತ್ತಿಗೆಯ ಗತಿಯೇನು, ಬದುಕಿನ ಗತಿಯೇನು ಎಂದು ನಾನು ಕೇಳಿದೆ. ಬ್ಯಾಡಗಿಯಲ್ಲಿ ಹೊಸ ಕಾಯಿ ಬಂದಿದೆ, ಸಂಜೆಯೊಳಗೆ ಮುಟ್ಟಿದರೆ ನಾಳೆಯ ತೊಟ್ಟಿನ ಕೆಲಸಕ್ಕೆ ಜಾಗ ಸಿಗುತ್ತದೆ ಎಂದಳು. ನಿಲ್ದಾಣದಲ್ಲಿ ಬಸ್ಸು ಹತ್ತುವ ಮುಂಚೆ ತಂಬಿಗೆಯ ನೀರನ್ನು ಚೆಲ್ಲಲು ಜಾಗ ಹುಡುಕಿದಳು. ಎಲ್ಲಿ ನೋಡಿದರೂ ಕಾಂಕ್ರೀಟು. ಕೊನೆಗೆ ಅದನ್ನು ತಾನೇ ಕುಡಿದಳು.

ಅವಳ ಪರವಾಗಿ ನಾನು ಬರೆದ ಮನವಿಗಳಲ್ಲೆಲ್ಲ ಮೃತನ ಹೆಸರು ಎಂಬಲ್ಲಿ ಅಡ್ಡಗೆರೆ ಇದೆ. ಅವನನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರೆಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.